ಎತ್ತರಿಸಿದ ಜೀಪಿನ ಸ್ಟೀರಿಂಗ್ ನಡುಕ: ಕಾರಣ ಹುಡುಕುವ ಕ್ರಮ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ, ಅಮರೇಶ್ವರ ಕ್ಷೇತ್ರದಿಂದ ಹೆಸರಾದ ಊರು. ಕಲ್ಲುಗುಡ್ಡ, ಮಸಾರಿ ನೆಲ, ಎರೆ ಹೊಲಗಳಿರುವ ಈ ಸೀಮೆಯಲ್ಲಿ ಬಂಡಿದಾರಿಗೆ ಇಳಿದ ಜೀಪು ಗಂಟೆಗೆ 15–20 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಓಡುವುದು ಅಪರೂಪ. ಅದೇ ಜೀಪು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು 70–80 ಕಿ.ಮೀ. ವೇಗ ಮುಟ್ಟಿದಾಗ ಸ್ಟೀರಿಂಗ್ ಚಕ್ರ ಕೈಯಲ್ಲಿ ನಡುಗತೊಡಗುತ್ತದೆ. ಹೊಲದ ದಾರಿಯಲ್ಲಿ ಅಡಗಿದ್ದ ದೋಷವನ್ನು ಹೆದ್ದಾರಿಯ ವೇಗ ಬಯಲಿಗೆ ತರುತ್ತದೆ. ಕೊಡಚಾದ್ರಿಯ ಏರುದಾರಿ, ಮಡಿಕೇರಿ ಬಳಿಯ ಮಾಂದಲಪಟ್ಟಿ, ಸಕಲೇಶಪುರದ ಕಾಫಿ ತೋಟಗಳಿಂದ ಊರಿಗೆ ಮರಳುವ ಜೀಪುಗಳ ವಿಷಯದಲ್ಲೂ ಇದು ಹೀಗೆಯೇ.

ನಡುಕ ಕಂಡೊಡನೆ ಹೆಚ್ಚಿನ ಮಾಲೀಕರು ವ್ಹೀಲ್ ಅಲೈನ್‌ಮೆಂಟ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಗುಣ ಕಾಣದಿದ್ದರೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸುತ್ತಾರೆ. ಈ ಎರಡೂ ಮೊದಲ ಮದ್ದುಗಳಲ್ಲ. ನಡುಕ ಬೇರೆ, ಚಕ್ರಗಳ ಕೋನದೋಷ ಬೇರೆ. ಸಾಮಾನ್ಯವಾಗಿ ನಡುಕ ಹುಟ್ಟುವುದು ತಿರುಗುವ ಭಾಗದ ಅಸಮತೋಲದಿಂದ ಇಲ್ಲವೇ ಸಡಿಲಗೊಂಡ ಕೀಲಿನಿಂದ. ಕೋನದೋಷವಿದ್ದರೆ ವಾಹನ ಪಕ್ಕಕ್ಕೆ ಎಳೆಯುತ್ತದೆ, ದಾರಿಯಲ್ಲಿ ಅಲೆದಾಡುತ್ತದೆ, ಟೈರನ್ನು ಸವೆಸುತ್ತದೆ. ಎತ್ತರಿಸಿದ ವಾಹನದಲ್ಲಿ ಇವೆರಡೂ ಒಟ್ಟಿಗೆ ಸೇರಿಕೊಳ್ಳುವುದರಿಂದ ಗೊಂದಲ ಹೆಚ್ಚು. ಆದ್ದರಿಂದ ಮೊದಲು ಚಕ್ರ, ಬಳಿಕ ಕೀಲು, ಕೊನೆಗೆ ಕೋನ ಎಂಬ ಕ್ರಮದಲ್ಲಿ ಪರೀಕ್ಷೆ ಸಾಗಬೇಕು. ಕಡಿಮೆ ಖರ್ಚಿನದು ಮೊದಲು ಬರುವುದೂ ಈ ಕ್ರಮದಲ್ಲಿಯೇ.

ಎತ್ತರಿಸುವ ಮೂರು ಬಗೆ

ಎತ್ತರಿಸುವುದೆಂದರೆ ಒಂದೇ ಕೆಲಸವಲ್ಲ. ಚಾಸಿ ಮತ್ತು ಮೈಕಟ್ಟಿನ ನಡುವೆ ದಪ್ಪ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಮೇಲೆತ್ತುವುದು ಒಂದು. ಇದರಲ್ಲಿ ಚಕ್ರಗಳ ಕೋನ ಬದಲಾಗದು. ಆದರೆ ಸ್ಟೀರಿಂಗ್ ಕಂಬದ ಕೆಳಗಿನ ಕೀಲಿನ ಓರೆ ಹೆಚ್ಚುತ್ತದೆ. ದೊಡ್ಡ ಟೈರು ಹಾಕುವುದು ಎರಡನೆಯದು. ಇದರಿಂದ ಪ್ರತಿ ಕೀಲಿನ ಮೇಲೂ ಭಾರ ಏರುತ್ತದೆ. ಸ್ಪ್ರಿಂಗ್, ಶ್ಯಾಕಲ್ ಅಥವಾ ಸ್ಪೇಸರ್ ಬದಲಿಸಿ ಚಾಸಿಯನ್ನೇ ಆಕ್ಸಲ್‌ನಿಂದ ದೂರ ಎತ್ತುವುದು ಮೂರನೆಯದು. ಕೋನಗಳು ನಿಜವಾಗಿ ಕೆಡುವುದು ಇದರಲ್ಲಿ.

ಮುಂಭಾಗದ ರಚನೆಯನ್ನು ಅರಿಯುವುದೂ ಅಷ್ಟೇ ಅಗತ್ಯ. ವಿಲ್ಲಿಸ್ ಪರಂಪರೆಯ ಹಳೆಯ ಮಹೀಂದ್ರ ಜೀಪುಗಳಲ್ಲೂ ಮಾರುತಿ ಜಿಪ್ಸಿಯಲ್ಲೂ ಮುಂದೆ ಇಡಿಯಾದ ಗಟ್ಟಿ ಆಕ್ಸಲ್ ಮತ್ತು ಕಮಾನು ಪಟ್ಟಿಗಳಿವೆ. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಮ್ನಿಯಲ್ಲಿ ಹಾಗೂ ಜೀಪ್ ರ‍್ಯಾಂಗ್ಲರ್‌ನಲ್ಲಿ ಗಟ್ಟಿ ಆಕ್ಸಲ್ ಇದ್ದರೂ ಸುರುಳಿ ಸ್ಪ್ರಿಂಗ್‌ಗಳಿವೆ. ಆಕ್ಸಲ್ ಅಡ್ಡ ಸರಿಯದಂತೆ ಪ್ಯಾನ್‌ಹಾರ್ಡ್ ರಾಡ್ ಹಿಡಿದಿರುತ್ತದೆ. 2020ರ ಥಾರ್ ಹಾಗೂ 2021ರ ಗೂರ್ಖಾದಲ್ಲಿ ಮುಂದಿನ ಎರಡು ಚಕ್ರಗಳು ಪ್ರತ್ಯೇಕವಾಗಿ ಏರಿಳಿಯುತ್ತವೆ. ಒಂದು ವಾಹನದ ಮದ್ದು ಇನ್ನೊಂದಕ್ಕೆ ಸಲ್ಲದಿರಲು ಇದೇ ಕಾರಣ.

ಮೊದಲು ಲಕ್ಷಣ ಬರೆದಿಡಿ

ಸ್ಪ್ಯಾನರ್ ಹಿಡಿಯುವ ಮುನ್ನ ವಾಹನವನ್ನು ಓಡಿಸಿ, ನಡುಕ ಯಾವಾಗ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳಿತು.

• ನಿರ್ದಿಷ್ಟ ವೇಗದಲ್ಲಿ ಮಾತ್ರ, ಬಹುಪಾಲು 70ರಿಂದ 100 ಕಿ.ಮೀ. ನಡುವೆ ಬಂದು ಆಚೆ ಈಚೆ ತಗ್ಗಿದರೆ: ಚಕ್ರದ ಅಸಮತೋಲ.

• ಬ್ರೇಕ್ ತುಳಿದಾಗ ಮಾತ್ರ ಬಂದರೆ: ಡೊಂಕಾದ ಡಿಸ್ಕ್ ಇಲ್ಲವೇ ದುಂಡು ತಪ್ಪಿದ ಡ್ರಮ್.

• ಸ್ಟೀರಿಂಗ್ ಶಾಂತವಾಗಿದ್ದು ನೆಲಹಾಸು ಮತ್ತು ಆಸನ ಗುಂಯ್‌ಗುಟ್ಟಿದರೆ: ಹಿಂದಿನ ಚಕ್ರ ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್.

• ಗುಂಡಿ ಅಥವಾ ಸೇತುವೆಯ ಸಂದಿ ದಾಟಿದೊಡನೆ ಇಡೀ ಮುಂಭಾಗ ಎಡಬಲಕ್ಕೆ ಹೊಡೆದಾಡಿದರೆ: ಗಟ್ಟಿ ಆಕ್ಸಲ್‌ನ ತೀವ್ರ ತೂಗಾಟ. ಇದು ಅಪಾಯದ ಸೂಚನೆ.

• ನಡುಕವಿಲ್ಲದೆ ವಾಹನ ಅಲೆದಾಡಿದರೆ, ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಾರದಿದ್ದರೆ: ಕೋನದೋಷ.

ಡಾಂಬರಿನ ಮೇಲೆ ತಿರುಗುವಾಗ ಮಾತ್ರ ವಾಹನ ಬಿಗಿದು ಜಗ್ಗಿದರೆ ಫೋರ್ ವ್ಹೀಲ್ ಡ್ರೈವ್ ಲಿವರ್ ನೋಡಬೇಕು. ಕೆಸರಿನಿಂದ ಹೊರಬಂದ ಮೇಲೆ ಅದನ್ನು ಬಿಡಿಸಲು ಮರೆತಿರುವ ಸಂಭವವುಂಟು.

ಮೊದಲ ಹಂತ: ಚಕ್ರ

ಎರೆ ಮಣ್ಣಿನ ಸೀಮೆಯಲ್ಲಿ ಪರೀಕ್ಷೆ ನೀರಿನಿಂದಲೇ ಆರಂಭವಾಗಬೇಕು. ಹಸಿ ಎರೆ ಮಣ್ಣು ರಿಮ್‌ನ ಒಳಬದಿಯಲ್ಲಿ ಮೆತ್ತಿಕೊಂಡು ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಕಾಣದು. ಲೆಕ್ಕ ಹಾಕಿದರೆ ಇದರ ಪರಿಣಾಮ ತಿಳಿಯುತ್ತದೆ. 31 ಅಂಗುಲ ವ್ಯಾಸದ ಟೈರು ಒಂದು ಸುತ್ತಿಗೆ ಸುಮಾರು 2.5 ಮೀಟರ್ ಸಾಗುತ್ತದೆ. 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 9 ಸುತ್ತು. 15 ಅಂಗುಲದ ರಿಮ್‌ನ ಒಂದೇ ಕಡೆ 200 ಗ್ರಾಂ ಮಣ್ಣು ಅಂಟಿದ್ದರೆ ಆ ವೇಗದಲ್ಲಿ ಅದು ಸುಮಾರು 12 ಕಿಲೋ ಭಾರದಷ್ಟು ಬಲದಿಂದ, ಸೆಕೆಂಡಿಗೆ ಒಂಬತ್ತು ಬಾರಿ, ಆಕ್ಸಲ್ಲನ್ನು ಎಳೆದಾಡುತ್ತದೆ. ವೇಗ ಅರ್ಧಕ್ಕಿಳಿದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹೊಲದ ದಾರಿಯಲ್ಲಿ ನಡುಕ ತಿಳಿಯದಿರುವುದು ಇದೇ ಕಾರಣಕ್ಕೆ. ನಾಲ್ಕೂ ರಿಮ್‌ಗಳ ಒಳಬದಿಯನ್ನು ಕೆರೆದು ತೊಳೆದು ಮತ್ತೊಮ್ಮೆ ಓಡಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಎರಡನೆಯದು ಗಾಳಿ. ಕೆಸರು, ಮರಳಿಗಾಗಿ ಗಾಳಿ ಇಳಿಸಿದವರು ಹೆದ್ದಾರಿಗೆ ಬರುವ ಮುನ್ನ ಅದನ್ನು ಮತ್ತೆ ತುಂಬಿಸಬೇಕು. ಎಡಬಲದ ಟೈರುಗಳಲ್ಲಿ ಒತ್ತಡ ಸಮನಾಗಿರಬೇಕು. ಬಹುಕಾಲ ಒಂದೇ ಕಡೆ ನಿಂತ ಜೀಪಿನ ಟೈರು ನೆಲಕ್ಕೆ ತಾಗಿದ ಭಾಗದಲ್ಲಿ ಚಪ್ಪಟೆಯಾಗಿರುತ್ತದೆ. ಕೆಲವು ಕಿ.ಮೀ. ಓಡಿದ ಬಳಿಕ ಆ ನಡುಕ ಹೋದರೆ ಚಿಂತೆಯಿಲ್ಲ.

ಮೂರನೆಯದು ಬ್ಯಾಲೆನ್ಸಿಂಗ್. ದಪ್ಪ ಹಲ್ಲಿನ ಮಡ್ ಟೆರೇನ್ ಟೈರುಗಳಿಗೆ ಸಾಮಾನ್ಯ ಟೈರಿಗಿಂತ ಹೆಚ್ಚು ತೂಕ ಬೇಕಾಗುವುದು ಸಹಜ. ಯಂತ್ರದ ಮೇಲೆ ಚಕ್ರ ತಿರುಗುವಾಗ ಟೈರಿನ ಅಂಚು ಮೇಲೆ ಕೆಳಗೆ ಅಥವಾ ಒಳಗೆ ಹೊರಗೆ ಕುಣಿಯುತ್ತಿದೆಯೇ ಎಂಬುದನ್ನು ಮಾಲೀಕರು ಕಣ್ಣಾರೆ ನೋಡಬೇಕು. ದುಂಡು ತಪ್ಪಿದ ಟೈರಿಗೂ ಡೊಂಕಾದ ರಿಮ್‌ಗೂ ಸೀಸದ ತುಂಡು ಪರಿಹಾರವಲ್ಲ. ಕಲ್ಲುದಾರಿಯಲ್ಲಿ ತೂಕದ ತುಂಡುಗಳು ಉದುರುವುದೂ ಉಂಟು. ಖಾಲಿ ಗುರುತು ಕಂಡರೆ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು.

ಸಂದೇಹ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಬೇಕು. ನಡುಕ ಸ್ಟೀರಿಂಗ್‌ನಿಂದ ಆಸನಕ್ಕೆ ವರ್ಗವಾದರೆ ದೋಷ ಚಕ್ರದ್ದೇ. ಸ್ಟೀರಿಂಗ್‌ನಲ್ಲೇ ಉಳಿದರೆ ಎರಡನೆಯ ಹಂತಕ್ಕೆ ಹೋಗಬೇಕು.

ಎರಡನೆಯ ಹಂತ: ಕೀಲುಗಳ ಸಡಿಲು

ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ 'ಪ್ಲೇ' ಎನ್ನುತ್ತಾರೆ. ಇದರ ಪತ್ತೆಗೆ ಯಂತ್ರ ಬೇಡ, ಇಬ್ಬರು ಸಾಕು. ವಾಹನ ಸಮತಟ್ಟಾದ ನೆಲದಲ್ಲಿ ನಿಂತಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಲಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲನೆಯಲ್ಲಿರಲಿ. ಒಬ್ಬರು ಸ್ಟೀರಿಂಗ್ ಚಕ್ರವನ್ನು ಸ್ವಲ್ಪವೇ ಎಡಕ್ಕೂ ಬಲಕ್ಕೂ ಆಡಿಸುತ್ತಿರಬೇಕು. ಇನ್ನೊಬ್ಬರು ಸ್ಟೀರಿಂಗ್ ಬಾಕ್ಸ್, ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್, ಪ್ಯಾನ್‌ಹಾರ್ಡ್ ರಾಡ್ ಇವುಗಳ ಪ್ರತಿ ಕೀಲಿನ ಮೇಲೆ ಕ್ರಮವಾಗಿ ಬೆರಳಿಟ್ಟು ನೋಡಬೇಕು. ಒಂದು ಭಾಗ ಚಲಿಸಿದರೂ ಮುಂದಿನದು ತಡವಾಗಿ ಚಲಿಸುವ ಕೀಲಿನಲ್ಲಿ ಸಡಿಲಿದೆ. ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂಡುವ ಜಾಗದಲ್ಲಿ ಬೋಲ್ಟ್ ಸಡಿಲವಾಗಿದೆಯೇ, ಚಾಸಿ ಬಿರುಕು ಬಿಟ್ಟಿದೆಯೇ ಎಂಬುದನ್ನೂ ಆಗಲೇ ನೋಡಬೇಕು.

ಮುಂದಿನ ಚಕ್ರವನ್ನು ಜಾಕ್‌ನಿಂದ ಎತ್ತಿ, ಆಕ್ಸಲ್ ಕೆಳಗೆ ಭದ್ರ ಸ್ಟ್ಯಾಂಡ್ ಕೊಟ್ಟ ಬಳಿಕ ಮುಂದಿನ ಪರೀಕ್ಷೆ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಪ್ಲೇ ಕಂಡರೆ ಹಬ್ ಬೇರಿಂಗ್ ಇಲ್ಲವೇ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಇವುಗಳಲ್ಲಿ ಯಾವುದು ಎಂದು ತಿಳಿಯಲು ಇನ್ನೊಬ್ಬರು ಬ್ರೇಕ್ ತುಳಿದು ಹಿಡಿಯಬೇಕು. ಆಗ ಪ್ಲೇ ಮಾಯವಾದರೆ ಹಬ್ ಬೇರಿಂಗ್, ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಕಂಡರೆ ಟೈ ರಾಡ್ ಎಂಡ್ ಮೇಲೆ ಸಂಶಯ ಪಡಬೇಕು.

ಹಳೆಯ ಜೀಪು, ಜಿಪ್ಸಿಗಳಲ್ಲಿ ಕಿಂಗ್ ಪಿನ್‌ನ ಮೇಲು–ಕೆಳಗಿನ ಬೇರಿಂಗ್‌ಗಳ ಬಿಗಿತವನ್ನು ತೆಳು ಶಿಮ್‌ಗಳು ನಿರ್ಧರಿಸುತ್ತವೆ. ಬೇರಿಂಗ್ ಸವೆದರೆ ಆ ಬಿಗಿತ ಹೋಗಿ ಚಕ್ರ ಸಲೀಸಾಗಿ ಓಲಾಡುತ್ತದೆ. ಟೈ ರಾಡ್ ಕಳಚಿ, ಗುಬ್ಬಿಯನ್ನು ತಿರುಗಿಸಲು ಬೇಕಾಗುವ ಬಲವನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆದು ಕೈಪಿಡಿಯ ಅಂಕಿಗೆ ಹೊಂದಿಸುವುದು ಸರಿಯಾದ ವಿಧಾನ. ಕಣ್ಣಳತೆಯಲ್ಲಿ ಮಾಡಿದ ಬಿಗಿತ ಬಾಳದು.

ಎತ್ತರಿಸಿದ ಕೆಲವು ನೂರು ಕಿ.ಮೀ. ಬಳಿಕ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು. ಹೊಸ ಕಮಾನು ಪಟ್ಟಿಗಳು ಕೂತಂತೆ ಅವು ಸಡಿಲವಾಗುತ್ತವೆ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ವಾಹನ ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿತಕ್ಕೆ ತರಬೇಕು. ಜಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ನಡುಕ ನೆಲಹಾಸಿನಲ್ಲಿದ್ದರೆ ಪ್ರೊಪೆಲ್ಲರ್ ಶಾಫ್ಟ್ ನೋಡಬೇಕು. ಅದು ಚಕ್ರಕ್ಕಿಂತ ಸುಮಾರು 4–5 ಪಟ್ಟು ವೇಗವಾಗಿ ಸುತ್ತುವುದರಿಂದ ಅದರ ನಡುಕ ಓಲಾಟದಂತಿರದೆ ಗುಂಯ್‌ಗುಡುವಂತಿರುತ್ತದೆ. ಚಾಸಿ ಎತ್ತರಿಸಿದಾಗ ಶಾಫ್ಟ್‌ನ ಓರೆ ಹೆಚ್ಚಿ ಎರಡು ತುದಿಗಳ ಕ್ರಾಸ್ ಜಾಯಿಂಟ್‌ಗಳ ಕೋನ ಸಮ ತಪ್ಪುತ್ತದೆ. ಮುಂದಿನ ಶಾಫ್ಟ್ ಕಳಚಿ ಹಿಂಚಕ್ರ ಚಾಲನೆಯಲ್ಲಷ್ಟೇ ಓಡಿಸಿದಾಗ ನಡುಕ ನಿಂತರೆ ಕಾರಣ ಸಿಕ್ಕಂತೆ.

ಮೂರನೆಯ ಹಂತ: ಕೋನಗಳು

ಚಕ್ರ ಸಮತೋಲದಲ್ಲಿದ್ದು ಕೀಲುಗಳು ಬಿಗಿಯಾದ ಮೇಲಷ್ಟೇ ಅಲೈನ್‌ಮೆಂಟ್‌ಗೆ ಅರ್ಥ. ಸಡಿಲ ಟೈ ರಾಡ್ ಇರುವ ವಾಹನವನ್ನು ಯಂತ್ರಕ್ಕೇರಿಸಿದರೆ ಇಂದಿನ ಅಳತೆ ನಾಳೆ ಇರದು.

ಟೋ: ಮೇಲಿನಿಂದ ನೋಡಿದಾಗ ಎರಡು ಮುಂಚಕ್ರಗಳ ಮುಂತುದಿಗಳ ಅಂತರಕ್ಕೂ ಹಿಂತುದಿಗಳ ಅಂತರಕ್ಕೂ ಇರುವ ವ್ಯತ್ಯಾಸ. ವಿಲ್ಲಿಸ್ ಬಗೆಯ ಜೀಪುಗಳಲ್ಲಿ ಮುಂತುದಿಗಳು 1ರಿಂದ 2.5 ಮಿ.ಮೀ.ನಷ್ಟು ಒಳಮುಖವಾಗಿರುವುದು ವಾಡಿಕೆ. 31 ಅಂಗುಲದ ಟೈರಿನಲ್ಲಿ ಈ ಅಳತೆ 5 ಮಿ.ಮೀ. ತಪ್ಪಿದರೂ ಪ್ರತಿ ಚಕ್ರ ಕಿಲೋಮೀಟರಿಗೆ ಸುಮಾರು 3 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಟೈರಿನ ಹಲ್ಲುಗಳ ಒಂದು ಅಂಚು ಗರಗಸದಂತೆ ಚೂಪಾಗುವುದು ಇದರ ಗುರುತು. ಚಕ್ರ ಎತ್ತಿ ತಿರುಗಿಸುತ್ತ ಟೈರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದು, ವಾಹನವನ್ನು ಇಳಿಸಿ ಸ್ವಲ್ಪ ಮುಂದಕ್ಕೆ ಉರುಳಿಸಿ, ಆಕ್ಸಲ್ ಎತ್ತರದಲ್ಲಿ ಮುಂದೆಯೂ ಹಿಂದೆಯೂ ಟೇಪ್ ಹಿಡಿದರೆ ಮನೆಯಂಗಳದಲ್ಲೇ ಟೋ ಅಳೆಯಬಹುದು.

ಕ್ಯಾಂಬರ್: ಮುಂದಿನಿಂದ ನೋಡಿದಾಗ ಚಕ್ರದ ಓರೆ. ಟೈರಿನ ಒಂದೇ ಭುಜ ಸವೆದರೆ ಇದರ ಮೇಲೆ ಸಂಶಯ. ಗಟ್ಟಿ ಆಕ್ಸಲ್‌ನಲ್ಲಿ ಸಾಮಾನ್ಯವಾಗಿ ಕ್ಯಾಂಬರ್ ಸರಿಪಡಿಸುವ ತಿರುಪು ಇರದು. ಅಳತೆ ಕೆಟ್ಟಿದ್ದರೆ ಆಕ್ಸಲ್ ಬಾಗಿದೆ ಇಲ್ಲವೇ ಬೇರಿಂಗ್ ಸವೆದಿದೆ ಎಂದರ್ಥ.

ಕ್ಯಾಸ್ಟರ್: ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಚ್ಚಿನ ಹಿಂಬಾಗು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ, ಅದರ ಫಲವಾಗಿ ಕೈಬಿಟ್ಟರೂ ಸೈಕಲ್ ನೇರ ಹೋಗುವುದೂ ನೆನಪಿದ್ದರೆ ಇದು ಅರ್ಥವಾಗುತ್ತದೆ. ಎತ್ತರಿಸಿದ ವಾಹನದಲ್ಲಿ ಹೆಚ್ಚಾಗಿ ನಷ್ಟವಾಗುವ ಕೋನ ಇದೇ. ವಿಲ್ಲಿಸ್ ಜೀಪಿನ ಮೂಲ ಕ್ಯಾಸ್ಟರ್ 3 ಡಿಗ್ರಿ. ಮುಂದಿನ ಕಮಾನು ಪಟ್ಟಿಯ ಮುಂತುದಿಯಲ್ಲಿ ಶ್ಯಾಕಲ್ ಇರುವ ಜೀಪಿಗೆ 5 ಸೆಂ.ಮೀ. ಉದ್ದನೆಯ ಶ್ಯಾಕಲ್ ಹಾಕಿದರೆ ಎತ್ತರ ಸಿಗುವುದು ಸುಮಾರು 2.5 ಸೆಂ.ಮೀ. ಮಾತ್ರ. ಆದರೆ ಒಂದು ಮೀಟರ್ ಉದ್ದದ ಪಟ್ಟಿಯ ಮುಂತುದಿ 5 ಸೆಂ.ಮೀ. ಕೆಳಗಿಳಿದು ಆಕ್ಸಲ್ ಸುಮಾರು 3 ಡಿಗ್ರಿ ಮುಂದಕ್ಕೆ ಉರುಳುತ್ತದೆ. ಇದ್ದ ಕ್ಯಾಸ್ಟರ್ ಅಲ್ಲಿಗೆ ಮುಗಿಯಿತು. ಅಗ್ಗದ ಉದ್ದ ಶ್ಯಾಕಲ್ ಹಾಕಿಸಿದ ಬಳಿಕ ಜೀಪು ಹೆದ್ದಾರಿಯಲ್ಲಿ ಅಲೆದಾಡುವುದರ ಗುಟ್ಟು ಇಷ್ಟೇ. ಹೆಚ್ಚು ಬಾಗಿದ ಹೊಸ ಪಟ್ಟಿಗಳಿಂದ ಎತ್ತರಿಸಿದರೆ ಈ ನಷ್ಟ ಕಡಿಮೆ.

ಜಿಮ್ನಿಯಂಥ ವಾಹನದಲ್ಲಿ ಆಕ್ಸಲ್ಲನ್ನು ಹಿಡಿದ ಉದ್ದ ತೋಳುಗಳೇ ಕೆಳಕ್ಕೆ ಬಾಗಿ ಕ್ಯಾಸ್ಟರ್ ಕಳೆಯುತ್ತವೆ. ತೋಳು 60 ಸೆಂ.ಮೀ. ಇದ್ದು ಎತ್ತರ 5 ಸೆಂ.ಮೀ. ಏರಿದರೆ ನಷ್ಟ ಸುಮಾರು 5 ಡಿಗ್ರಿ. ಪಟ್ಟಿ ಸ್ಪ್ರಿಂಗ್‌ಗೆ ಓರೆ ಶಿಮ್, ತೋಳುಗಳಿಗೆ ಕೇಂದ್ರ ತಪ್ಪಿಸಿದ ಬುಷ್ ಹಾಕಿ ಇದನ್ನು ಮರಳಿ ಪಡೆಯಬಹುದು. ಆದರೆ ಆಕ್ಸಲ್ಲನ್ನು ಹಿಂದಕ್ಕೆ ಉರುಳಿಸಿದಷ್ಟೂ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ. ಎರಡರ ನಡುವೆ ರಾಜಿ ಅನಿವಾರ್ಯ.

ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್: ಮುಂದಿನಿಂದ ನೋಡಿದಾಗ ಈ ಎರಡು ಸರಳುಗಳು ಸಮಾನಾಂತರವಾಗಿರಬೇಕು. ಒಂದರ ತುದಿಯನ್ನಷ್ಟೇ ಇಳಿಸಿದರೆ ಪ್ರತಿ ಗುಂಡಿಯಲ್ಲೂ ಚಕ್ರ ತಾನಾಗಿ ತಿರುಗುತ್ತದೆ. ಎತ್ತರಿಸಿದ ಬಳಿಕ ಆಕ್ಸಲ್ ಒಂದು ಪಕ್ಕಕ್ಕೆ ಸರಿದಿದ್ದರೆ ಅಳವಡಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಬೇಕು. ಸ್ಟೀರಿಂಗ್ ಚಕ್ರ ಓರೆಯಾಗಿ ನಿಂತರೆ ಡ್ರ್ಯಾಗ್ ಲಿಂಕ್‌ನಲ್ಲಿ ಸರಿಪಡಿಸಬೇಕು. ಸ್ಟೀರಿಂಗ್ ಚಕ್ರವನ್ನೇ ಕಿತ್ತು ನೇರ ಕೂರಿಸುವುದು ತಪ್ಪು.

ಸ್ವತಂತ್ರ ಮುಂಚಕ್ರಗಳ ವಾಹನದಲ್ಲಿ ಸ್ಪೇಸರ್ ಹಾಕಿದರೆ ಅಥವಾ ಟಾರ್ಶನ್ ಬಾರ್ ಬಿಗಿದರೆ ಟೋ, ಕ್ಯಾಂಬರ್, ಕ್ಯಾಸ್ಟರ್ ಮೂರೂ ಬದಲಾಗುತ್ತವೆ. ಆಕ್ಸಲ್ ಶಾಫ್ಟ್‌ನ ಕೀಲುಗಳ ಓರೆಯೂ ಹೆಚ್ಚಿ, ವೇಗ ಏರಿಸುವಾಗ ನಡುಕ ಬರಬಹುದು. ಅಲೈನ್‌ಮೆಂಟ್ ಅಂಗಡಿಯಲ್ಲಿ ಕೆಲಸಕ್ಕೆ ಮುನ್ನ ಮತ್ತು ನಂತರದ ಅಂಕಿಗಳ ಮುದ್ರಿತ ಪ್ರತಿ ಕೇಳಿ ಪಡೆಯಬೇಕು. ಯಂತ್ರದಲ್ಲಿರುವುದು ಮೂಲ ಎತ್ತರದ ಅಂಕಿಗಳು. ಗಟ್ಟಿ ಆಕ್ಸಲ್‌ನಲ್ಲಿ ಅಲ್ಲಿ ಸರಿಪಡಿಸಬಲ್ಲದ್ದು ಬಹುಪಾಲು ಟೋ ಒಂದೇ. ಕ್ಯಾಸ್ಟರ್ ಅಂಕಿ ಕೆಟ್ಟಿದ್ದರೆ ಆ ಹಾಳೆಯನ್ನು ಹಿಡಿದು ಎತ್ತರಿಸಿದ ಗ್ಯಾರೇಜಿಗೇ ಮರಳಬೇಕು.

ತೀವ್ರ ತೂಗಾಟ ಬಂದರೆ

ಗಟ್ಟಿ ಆಕ್ಸಲ್ ವಾಹನದಲ್ಲಿ ಒಂದು ಗುಂಡಿಯ ಹೊಡೆತಕ್ಕೆ ಮುಂಚಕ್ರಗಳೆರಡೂ ಎಡಬಲಕ್ಕೆ ಬಡಿದಾಡಲು ಆರಂಭಿಸಿ, ನಿಲ್ಲದೆ ಬೆಳೆಯುತ್ತ ಹೋಗುವುದುಂಟು. ಚಾಲಕರ ವಲಯದಲ್ಲಿ ಇದಕ್ಕೆ 'ಡೆತ್ ವಾಬಲ್' ಎಂಬ ಹೆಸರಿದೆ. ಆಗ ಸ್ಟೀರಿಂಗ್ ವಿರುದ್ಧ ಹೋರಾಡದೆ, ಥಟ್ಟನೆ ತಿರುಗಿಸದೆ, ಚಕ್ರವನ್ನು ಸ್ಥಿರವಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮೆಲ್ಲನೆ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಬೇಕು. ವೇಗ ಸಾಕಷ್ಟು ತಗ್ಗಿದೊಡನೆ ತೂಗಾಟ ಅಡಗುತ್ತದೆ. ಅಡಗಿತೆಂದು ಮತ್ತೆ ವೇಗ ಏರಿಸುವುದು ಪ್ರಾಣಾಪಾಯ. ನಿಧಾನವಾಗಿಯೇ ಗ್ಯಾರೇಜು ಸೇರಬೇಕು.

ಇದಕ್ಕೆ ಒಂದೇ ಕಾರಣವಿರುವುದು ಕಡಿಮೆ. ಪ್ಯಾನ್‌ಹಾರ್ಡ್ ರಾಡ್‌ನ ಸವೆದ ಬುಷ್, ಕಿಂಗ್ ಪಿನ್‌ನ ಸಡಿಲು, ಟೈರಿನ ಅಸಮತೋಲ, ಕಳೆದುಹೋದ ಕ್ಯಾಸ್ಟರ್ – ಸಣ್ಣ ದೋಷಗಳು ಕೂಡಿಯೇ ಇದು ಹುಟ್ಟುತ್ತದೆ. ಹೊಸ ಡ್ಯಾಂಪರ್ ಹಾಕಿದಾಗ ತೂಗಾಟ ನಿಂತಂತೆ ಕಾಣುತ್ತದೆ. ಆದರೆ ಅದು ಹೊಡೆತವನ್ನು ನುಂಗುವುದೇ ಹೊರತು ಸಡಿಲನ್ನು ತೆಗೆಯದು. ಡ್ಯಾಂಪರ್ ಸೋತ ದಿನ, ಅಷ್ಟರಲ್ಲಿ ಇನ್ನಷ್ಟು ಸವೆದಿರುವ ಕೀಲುಗಳೊಂದಿಗೆ ತೂಗಾಟ ಮರಳುತ್ತದೆ. ಡ್ಯಾಂಪರ್ ಕಳಚಿದಾಗಲೂ ಸ್ಥಿರವಾಗಿ ಓಡುವ ಜೀಪೇ ಆರೋಗ್ಯವಂತ ಜೀಪು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸಜೆ ಇಲ್ಲವೇ ಎರಡನ್ನೂ ವಿಧಿಸುತ್ತದೆ. ಅಪಘಾತವಾದಾಗ ವಿಮಾ ಕಂಪನಿಯೊಡನೆ ತಕರಾರಿಗೂ ಇಂಥ ಮಾರ್ಪಾಡು ದಾರಿ ಮಾಡಿಕೊಡಬಹುದು. ಎತ್ತರಿಸುವ ಯೋಚನೆ ಇರುವವರು ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಸೆಕೆಂಡ್ ಹ್ಯಾಂಡ್ ಜೀಪು ಕೊಳ್ಳುವವರು ಟೈರಿನ ಅಳತೆ, ಶ್ಯಾಕಲ್ಲಿನ ಉದ್ದಗಳನ್ನು ಮೂಲದೊಂದಿಗೆ ಹೋಲಿಸಿ ನೋಡಬೇಕು.

ಒಂದು ಬಾರಿಗೆ ಒಂದೇ ಬದಲಾವಣೆ

ಪರೀಕ್ಷೆಯ ಉದ್ದಕ್ಕೂ ಪಾಲಿಸಬೇಕಾದ ನಿಯಮವೊಂದಿದೆ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ಫಲಿತಾಂಶ ಬರೆದಿಡಬೇಕು. ಟೈರು, ಡ್ಯಾಂಪರ್, ಅಲೈನ್‌ಮೆಂಟ್ ಮೂರನ್ನೂ ಒಂದೇ ದಿನ ಮಾಡಿಸಿದವರಿಗೆ ಕಾರಣ ಯಾವುದಿತ್ತೆಂದು ಎಂದೂ ತಿಳಿಯದು. ನಡುಕ ಮರಳಿದಾಗ ಅವರು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ರಿಮ್ ತೊಳೆಯುವುದು, ಗಾಳಿ ಅಳೆಯುವುದು, ಚಕ್ರ ಅದಲುಬದಲು ಮಾಡುವುದು, ಕೀಲುಗಳ ಮೇಲೆ ಬೆರಳಿಡುವುದು, ಟೋ ಅಳೆಯುವುದು – ಇವಿಷ್ಟಕ್ಕೆ ಬೇಕಾದದ್ದು ಒಂದು ಬೆಳಗು, ಒಬ್ಬ ಜೊತೆಗಾರ. ಹಣ ಕೇಳುವ ಕೆಲಸಗಳು ಬರುವುದು ಇವುಗಳ ನಂತರ.